ಕೆಮ್ಮಿದ್ರೆ ಉಚ್ಚೆ ಲೀಕ್ ಆಗುತ್ತಾ? ಕೀಗಲ್ ಸರಿಯಾಗಿ ಮಾಡೋದು ಹೀಗೆ

ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಎರಡು ಹನಿ ಉಚ್ಚೆ ಹೋಗ್ಬಿಡುತ್ತೆ ಅನ್ನೋದನ್ನ ಎಷ್ಟೋ ಜನ ಯಾರ ಹತ್ರಾನೂ ಹೇಳ್ಕೊಳ್ಳಲ್ಲ, ಹೆರಿಗೆ ಆಯ್ತು, ಮುಟ್ಟು ನಿಂತೋಯ್ತು, ಇನ್ನು ಇಷ್ಟೇ ಅಂತ ಪ್ಯಾಡ್ ಇಟ್ಕೊಂಡು ವರ್ಷಗಟ್ಟಲೆ ಸುಮ್ನಿರ್ತಾರೆ. ದಯವಿಟ್ಟು ಹಾಗಿರ್ಬೇಡಿ, ಬಹಳಷ್ಟು ಜನಕ್ಕೆ ಕೀಗಲ್ ಅನ್ನೋ, ಅಂದ್ರೆ ಉಚ್ಚೆ ತಡೆಯೋ ಸ್ನಾಯುಗಳನ್ನ ಬಿಗಿ ಮಾಡಿ ಸಡಿಲ ಬಿಡೋ ಎಕ್ಸರ್‌ಸೈಜ್‌ನಿಂದಾನೇ ಇದು ಕಮ್ಮಿ ಆಗುತ್ತೆ. ಗಂಡಸರಿಗೂ ಆಗುತ್ತೆ, ಅದರಲ್ಲೂ ಪ್ರಾಸ್ಟೇಟ್ ಆಪರೇಷನ್ ಆದ್ಮೇಲೆ.

ಮೂತ್ರಕೋಶ, ಗರ್ಭಕೋಶ ಎಲ್ಲಾನೂ ಕೆಳಗಿಂದ ಹೊತ್ಕೊಂಡಿರೋದು ಜೋಲಿ ಥರ ಇರೋ ಸ್ನಾಯುಗಳು, ಅದೇ ಪೆಲ್ವಿಕ್ ಫ್ಲೋರ್. ಅದು ಎಲ್ಲಿದೆ ಅಂತ ಗುರುತು ಹಿಡಿಯೋದೇ ಕಷ್ಟದ ಕೆಲಸ. ಹೂಸು ತಡೆಯೋ ಹಾಗೆ ಹಿಂದೆ ಬಿಗಿ ಮಾಡಿ, ಜೊತೆಗೇ ಉಚ್ಚೆ ತಡೆಯೋ ಹಾಗೆ ಮುಂದೇನೂ ಬಿಗಿ ಮಾಡಿ, ಒಳಗಿಂದ ಮೇಲಕ್ಕೆ ಎಳ್ಕೊಂಡಂಗೆ ಅನ್ನಿಸ್ಬೇಕು. ತೊಡೆ, ಅಂಡು ಗಟ್ಟಿಯಾದ್ರೆ, ಉಸಿರು ಕಟ್ಟಿದ್ರೆ ಎಲ್ಲೋ ತಪ್ಪಾಗ್ತಿದೆ. ಉಚ್ಚೆ ಹೊಯ್ಯುವಾಗ ಮಧ್ಯ ನಿಲ್ಸಿ ಪ್ರಾಕ್ಟೀಸ್ ಮಾಡೋ ಅಭ್ಯಾಸ ಬೇಡ, ಮೂತ್ರಕೋಶ ಪೂರ್ತಿ ಖಾಲಿ ಆಗಲ್ಲ.

ಶುರುವಿಗೆ ಮಲಗ್ಕೊಂಡು ಮಾಡಿ. 3ರಿಂದ 5 ಸೆಕೆಂಡ್ ಬಿಗಿ, ಆಮೇಲೆ ಅಷ್ಟೇ ಹೊತ್ತು ಪೂರ್ತಿ ಸಡಿಲ, ಹೀಗೆ 8ರಿಂದ 10 ಸಲ, ದಿನಕ್ಕೆ 3 ಹೊತ್ತು. ರೂಢಿ ಆದ್ಮೇಲೆ ನಿಧಾನಕ್ಕೆ 10 ಸೆಕೆಂಡ್ ತನಕ ಹೋಗ್ಬಹುದು. ಸಡಿಲ ಬಿಡೋದನ್ನ ಎಲ್ಲರೂ ಮರೀತಾರೆ, ಬಿಗಿ ಹಿಡಿಯೋದು ಎಷ್ಟು ಮುಖ್ಯಾನೋ ಬಿಡೋದೂ ಅಷ್ಟೇ ಮುಖ್ಯ. ಕೆಮ್ಮು ಬರ್ತಿದೆ ಅನ್ನಿಸಿದ ತಕ್ಷಣ ಮೊದಲು ಬಿಗಿ ಹಿಡಿದು ಆಮೇಲೆ ಕೆಮ್ಮಿ, ಈ ಒಂದು ಅಭ್ಯಾಸದಿಂದಾನೇ ಎಷ್ಟೋ ಲೀಕ್ ನಿಲ್ಲುತ್ತೆ. ಎರಡು ವಾರ ಮಾಡಿ ಏನೂ ಆಗ್ಲಿಲ್ಲ ಅಂತ ಬಿಡ್ಬೇಡಿ, ಕನಿಷ್ಠ 3 ತಿಂಗಳು ಕೊಡಿ. ಲೀಕ್ ಆಗುತ್ತೆ ಅಂತ ನೀರು ಕುಡಿಯೋದು ಕಮ್ಮಿ ಮಾಡೋದೂ ಬೇಡ. ಮಲಬದ್ಧತೆ ಇದ್ರೆ ಅದನ್ನ ಮೊದಲು ಸರಿ ಮಾಡ್ಕೊಳ್ಳಿ, ದಿನಾ ಮುಕ್ಕಿದ್ರೆ ಈ ಸ್ನಾಯುಗಳು ಇನ್ನೂ ಸೋಲ್ತವೆ.

ಆದ್ರೆ ಸಂಭೋಗದಲ್ಲಿ ನೋವು, ಉಚ್ಚೆ ಶುರು ಆಗೋಕೇ ಕಷ್ಟ, ಕೆಳಹೊಟ್ಟೇಲಿ ಯಾವಾಗ್ಲೂ ಎಳೆತ ಇರೋರು ಕೀಗಲ್ ಶುರು ಮಾಡೋ ಮುಂಚೆ ಪೆಲ್ವಿಕ್ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಸ್ನಾಯು ಮೊದಲೇ ಬಿಗಿಯಾಗಿದ್ರೆ ಇದರಿಂದ ನೋವು ಜಾಸ್ತಿ ಆಗ್ಬಹುದು, ಅಂಥೋರಿಗೆ ಹೊಟ್ಟೆ ಉಬ್ಬೋ ಹಾಗೆ ನಿಧಾನಕ್ಕೆ ಉಸಿರೆಳೆದು ಸಡಿಲ ಬಿಡೋದೇ ಎಕ್ಸರ್‌ಸೈಜ್. ಉಚ್ಚೇಲಿ ರಕ್ತ, ಉರಿ, ಜ್ವರ ಇದ್ರೆ ಡಾಕ್ಟರ್ ಹತ್ರ ಹೋಗಿ. ತೊಡೆ ಸಂದಿ, ಗುದದ ಸುತ್ತ ಮರಗಟ್ಟಿ ಉಚ್ಚೆ ಇದ್ದಕ್ಕಿದ್ದಂಗೆ ಕಟ್ಕೊಂಡ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಗ್ಲೇ ಎಮರ್ಜೆನ್ಸಿಗೆ ಹೋಗಿ.