ಇಪ್ಪತ್ತೆರಡು ದಿನ, ಎರಡು ಮನೆ

ನಾವು ಜರ್ಮನಿಗೆ ಹೋಗಿಬಂದೆವೆಂದು ತಿಳಿದವರು ವಿಜಯಪುರದಲ್ಲಿ ಮೊದಲು ಕೇಳುವುದು ‘ಎಷ್ಟು ದೇಶ ನೋಡಿದ್ರಿ?’ ಎಂದು. ಇಪ್ಪತ್ತೆರಡು ದಿನಗಳಲ್ಲಿ ನಾವು ಕಂಡದ್ದು ನ್ಯೂರೆಂಬರ್ಗ್, ಮ್ಯೂನಿಕ್ ಮತ್ತು ನಡುವೆ ಎರಡು ರಾತ್ರಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್, ಇಷ್ಟೇ. ನ್ಯೂರೆಂಬರ್ಗಿನಲ್ಲಿ ನಮ್ಮ ಮನೆಯವರ ಹಾಸ್ಟೆಲ್ ಗೆಳೆಯರು, ಮ್ಯೂನಿಕ್‌ನಲ್ಲಿ ಬೆಳಗಾವಿಯಲ್ಲಿ ನನ್ನೊಡನೆ ಬಿ.ಇಡಿ. ಓದಿದ ಗೆಳತಿ ಇದ್ದಾರೆ. ಊರು ನೋಡುವುದಕ್ಕಿಂತ ಅವರ ಮನೆಯಲ್ಲಿ ಕೂತು ಮಾತನಾಡುವುದೇ ನಮಗೆ ಮುಖ್ಯವಾಗಿತ್ತು.

ಚಳಿಗಾಲವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣಗಳಿದ್ದವು. ಹಿಂಗಾರಿ ಜೋಳ ಬಿತ್ತಿ ಮುಗಿದು ಕೊಯ್ಲಿಗೆ ಇನ್ನೂ ಸಮಯವಿರುವುದರಿಂದ ಡಿಸೆಂಬರಿನಲ್ಲಿ ಹೊಲದ ಕೆಲಸ ಅಷ್ಟಾಗಿ ಇರುವುದಿಲ್ಲ. ಅತ್ತ ಜರ್ಮನಿಯಲ್ಲಿ ಡಿಸೆಂಬರ್ 25, 26 ಮತ್ತು ಜನವರಿ 1 ರಜೆ, ನ್ಯೂರೆಂಬರ್ಗ್, ಮ್ಯೂನಿಕ್ ಎರಡೂ ಇರುವ ಬವೇರಿಯಾ ರಾಜ್ಯದಲ್ಲಿ ಜನವರಿ 6 ಕೂಡ ರಜೆ. ನಡುವಿನ ದಿನಗಳಿಗೂ ರಜೆ ಹಾಕಿದರೆ ನೌಕರಿಯಲ್ಲಿರುವವರು ಮನೆಯಲ್ಲಿ ಸಿಗುತ್ತಾರೆ. ಬೇಸಿಗೆಯಲ್ಲಿ ಹೋಗಿದ್ದರೆ ಬಿಸಿಲು ಸಿಗುತ್ತಿತ್ತು, ಗೆಳೆಯರು ಸಿಗುತ್ತಿರಲಿಲ್ಲ.

ವೀಸಾ ಕೆಲಸವನ್ನು ಏಜೆಂಟರಿಗೆ ಕೊಡದೆ ನಾವೇ ಮಾಡಿಕೊಂಡೆವು. ಯುರೋಪಿನ ಹಲವು ದೇಶಗಳಿಗೆ ಒಂದೇ ಸಾಕಾಗುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಸಲ್ಲಿಸಬೇಕಾದ್ದರಿಂದ ನಮ್ಮದು ಜರ್ಮನಿಗೆ ಹೋಯಿತು. ಶುಲ್ಕ ತಲಾ 90 ಯೂರೋ, ಪ್ರವಾಸ ವಿಮೆ ಕನಿಷ್ಠ 30,000 ಯೂರೋದ್ದು. ಖರ್ಚು ನಮ್ಮದೇ ಎಂದು ತೋರಿಸಲು ಬ್ಯಾಂಕ್ ಲೆಕ್ಕಪತ್ರ, ಪಿಂಚಣಿ ಆದೇಶ ಮತ್ತು ಗೆಳೆಯರಿಬ್ಬರ ಆಮಂತ್ರಣ ಪತ್ರಗಳನ್ನು ಇಟ್ಟೆವು. ತೊಡಕಾದದ್ದು ನಾವು ಎಣಿಸದ ಕಡೆ: ನನ್ನ ಹಳೆಯ ಕಾಗದಗಳಲ್ಲಿ ಹುಟ್ಟೂರು ಬಿಜಾಪುರ ಎಂದಿದ್ದರೆ ಹೊಸವುಗಳಲ್ಲಿ ವಿಜಯಪುರ ಎಂದಿದೆ. ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಕಾಗದ ಪರಿಶೀಲಿಸಿದ ಹುಡುಗಿ ಇವು ಎರಡು ಊರುಗಳೇ ಎಂದು ಕೇಳಿದಳು. 2014ರ ನವೆಂಬರ್ 1ರಂದು ಹೆಸರು ಬದಲಾಗಿದೆ ಎಂದು ಅಲ್ಲೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಸೇರಿಸಿದೆ. ಬೆಳಗಾವಿಯವರಿಗೂ ಇದೇ ಪ್ರಸಂಗ ಬಂದೀತು. ಅರ್ಜಿಯ ಜೊತೆಗಿನ ಪತ್ರದಲ್ಲಿ ಮೊದಲೇ ಒಂದು ಸಾಲು ಬರೆದಿಡುವುದು ಒಳ್ಳೆಯದು.

ಹಳೆಯ ಗೆಳೆಯರ ಮನೆಗೆ ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಹೊರಗಿನಿಂದ ಬರುವವರು ಯುರೋಪಿನ ಒಕ್ಕೂಟದೊಳಗೆ ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ, ಹೀಗಾಗಿ ಗೆಳತಿ ಬಾಯಿಬಿಟ್ಟು ಕೇಳಿದ್ದ ಬೆಳಗಾವಿ ಕುಂದಾ ಇಲ್ಲೇ ಉಳಿಯಿತು. ಕರಿಬೇವಿನ ಎಲೆಯನ್ನೂ ಬಿಟ್ಟೆವು. ಖಡಕ್ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮತ್ತು ತುಪ್ಪ ಹಾಕದ ಶೇಂಗಾ ಉಂಡಿ ಒಯ್ದೆವು. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರಿಂದ ಮುಕ್ಕಾಲು ಪಾಲು ಮುರಿಯದೆ ತಲುಪಿದವು, ಮುರಿದವುಗಳಿಗೇ ಬೇಡಿಕೆ ಹೆಚ್ಚಾಯಿತೆಂಬುದು ಬೇರೆ ಮಾತು.

ಯಾರ ಮನೆಯಲ್ಲಾಗಲಿ ಎಂಟು–ಒಂಬತ್ತು ದಿನ ಉಳಿಯುವುದು ಎಷ್ಟೇ ಸಲುಗೆಯಿದ್ದರೂ ಸೂಕ್ಷ್ಮದ ವಿಷಯ. ನಾವು ಹೊರಡುವ ಮೊದಲೇ ಎರಡು ಕರಾರು ಮಾಡಿಕೊಂಡಿದ್ದೆವು: ದಿನ ಬಿಟ್ಟು ದಿನ ಮಧ್ಯಾಹ್ನದ ಅಡಿಗೆ ನನ್ನದು, ಮತ್ತು ಪ್ರತಿದಿನ ಎರಡು–ಮೂರು ತಾಸು ನಾವಿಬ್ಬರೇ ಹೊರಗೆ ಹೋಗಿ ಅವರ ಮನೆಯನ್ನು ಅವರಿಗೆ ಬಿಟ್ಟುಕೊಡಬೇಕು. ‘ವೈನಿ, ಇದೇನ್ರಿ ಲೆಕ್ಕಾಚಾರ?’ ಎಂದು ಗೆಳೆಯರು ಮೊದಲ ದಿನ ಮುನಿಸಿಕೊಂಡರಾದರೂ ನಾಲ್ಕನೆಯ ದಿನದಿಂದ ಅವರ ಹೆಂಡತಿ ನಮ್ಮ ತಿರುಗಾಟದ ಸಮಯಕ್ಕೆ ತಮ್ಮ ನಿದ್ದೆಯನ್ನು ಹೊಂದಿಸಿಕೊಂಡಿದ್ದರು. ಖಾಲಿ ಬಾಟಲಿಗಳನ್ನು ಅಂಗಡಿಯ ಯಂತ್ರಕ್ಕೆ ಹಾಕಿ ಬಾಟಲಿಗೆ 25 ಸೆಂಟಿನಂತೆ ಠೇವಣಿ ಮರಳಿ ಪಡೆಯುವ ಕೆಲಸವನ್ನು ನಮ್ಮ ಮನೆಯವರು ಬಹಳ ಉತ್ಸಾಹದಿಂದ ವಹಿಸಿಕೊಂಡರು. ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1528ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ ಮನೆಯನ್ನು ನೋಡಿದ್ದು ಇಂಥ ತಿರುಗಾಟದಲ್ಲೇ. ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುವುದರಿಂದ ಹೊರಗಿನ ಕೆಲಸವನ್ನು ಮಧ್ಯಾಹ್ನವೇ ಮುಗಿಸಬೇಕು. ಆಮೇಲೆ ಚಹಾ, ಮಾತು, ಮತ್ತೆ ಚಹಾ.

ಎರಡು ಮನೆಗಳ ನಡುವೆ ಸಾಲ್ಜ್‌ಬರ್ಗಿನ ಲಾಡ್ಜನ್ನು ಇಟ್ಟುಕೊಂಡಿದ್ದು ನಮ್ಮ ವಿಶ್ರಾಂತಿಗಾಗಿ. ಬವೇರಿಯಾ ಟಿಕೆಟ್ ಎಂಬ ಒಂದು ದಿನದ ಟಿಕೆಟ್ಟು ಆಸ್ಟ್ರಿಯಾದೊಳಗಿದ್ದರೂ ಆ ಊರಿನವರೆಗೆ ನಡೆಯುತ್ತದೆ. ಐದು ಜನರವರೆಗೆ ಒಂದೇ ಟಿಕೆಟ್ಟಿನಲ್ಲಿ ಹೋಗಬಹುದು, ಆದರೆ ಪ್ರಾದೇಶಿಕ ರೈಲುಗಳಲ್ಲಿ ಮಾತ್ರ, ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ, ಮತ್ತು ಪ್ರಯಾಣಿಕರ ಹೆಸರನ್ನು ಅದರ ಮೇಲೆ ಬರೆದಿರಬೇಕು. 1077ರಲ್ಲಿ ಕಟ್ಟಲಾರಂಭಿಸಿದ ಅಲ್ಲಿಯ ಕೋಟೆಗೆ ಮೊಣಕಾಲು ನೋವಿನ ನಾನು ಹಳಿಗಾಡಿಯಲ್ಲಿ ಹತ್ತಿದೆ, ಅವರು ನಡೆದು ಬಂದರು.

ಮ್ಯೂನಿಕ್ ತಲುಪಿದ ಮರುದಿನವೇ ಎಳ್ಳ ಅಮವಾಸ್ಯೆ. ಅಲ್ಲಿಯ ಬೆಳಿಗ್ಗೆ ಏಳೂವರೆಗೆ, ಇನ್ನೂ ಬೆಳಕು ಹರಿಯುವ ಮೊದಲೇ, ಮೈದುನನ ವಿಡಿಯೋ ಕರೆ ಬಂತು. ನಮ್ಮಲ್ಲಿ ಆಗ ನಡುಮಧ್ಯಾಹ್ನ, ಹೊಲದಲ್ಲಿ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುತ್ತಿದ್ದರು. ಗೆಳತಿ ಅಡಿಗೆಮನೆಯಲ್ಲಿ ನಿಂತು ಕರೆ ಮುಗಿಯುವವರೆಗೂ ಪರದೆಯಿಂದ ಕಣ್ಣು ತೆಗೆಯಲಿಲ್ಲ, ಬಳಿಕ ಇನ್ನೊಂದು ವಾರ ಇರಲೇಬೇಕೆಂದು ಹಟ ಹಿಡಿದಳು. ವಿಮಾನದ ಟಿಕೆಟ್ಟನ್ನು ಬದಲಿಸಬಹುದಾಗಿತ್ತು, ಆದರೆ ವೀಸಾದಲ್ಲಿ ವಾಸದ ದಿನಗಳೆಂದು ಬರೆದಿದ್ದ ಸಂಖ್ಯೆ ನಾವು ಅರ್ಜಿಯಲ್ಲಿ ಕೇಳಿದ್ದಷ್ಟೇ ಆಗಿತ್ತು. ಅದನ್ನು ತೋರಿಸಿದ ಮೇಲೆ ಅವಳು ಸುಮ್ಮನಾದಳು. ಮುಂದಿನ ಸಲ ಅರ್ಜಿ ಬರೆಯುವಾಗ ಒಂದು ವಾರ ಹೆಚ್ಚಿಗೆ ಕೇಳಿಕೊಳ್ಳುತ್ತೇವೆ.