ಮನೆಯಿಂದ ಎರಡು ಕಿಲೋಮೀಟರ್ ದೂರದ ಹೋಟೆಲಿನಲ್ಲಿ ಐದು ರಾತ್ರಿ

2024ರ ಡಿಸೆಂಬರ್ 26. ನಮ್ಮ ಮನೆ ಇರುವುದು ಬಸವೇಶ್ವರನಗರದಲ್ಲಿ. ನಾನು ಚೀಲ ಹಿಡಿದು ನಿಂತಿದ್ದು ರಾಜಾಜಿನಗರದ ಒಂದು ಹೋಟೆಲಿನ ಕೌಂಟರಿನಲ್ಲಿ. ಅಲ್ಲಿದ್ದ ಹುಡುಗ ಆಧಾರ್ ಕಾರ್ಡ್ ನೋಡಿದ, ನನ್ನ ಮುಖ ನೋಡಿದ, ಮತ್ತೆ ಕಾರ್ಡ್ ನೋಡಿದ. "ಸಾರ್, ಮನೆ ಇಲ್ಲೇ ಅಲ್ವಾ? ಪೇಂಟಿಂಗ್ ನಡೀತಿದ್ಯಾ?" ಅಂದ. ಹೂಂ ಅಂದುಬಿಟ್ಟೆ. ಈ ಹೋಟೆಲ್ ಕಂಪನಿಯ ಸದಸ್ಯತ್ವದಲ್ಲಿ ಪ್ಲಾಟಿನಂ ದರ್ಜೆ ಸಿಗಲು ಐದು ರಾತ್ರಿ ಕಡಿಮೆ ಬಿದ್ದಿದೆ, ಅದಕ್ಕೆ ಬಂದೆ ಅಂತ ಹೇಗೆ ಹೇಳುವುದು?

ಹೆಂಡತಿಗಂತೂ ಹೇಳಲೇಬೇಕಾಯಿತು. "ಬಾಡಿಗೆ ಕಟ್ಟಿರೋ ಮನೆ ಬಿಟ್ಟು ಅಲ್ಲಿ ಯಾಕ್ರೀ ಮಲಗ್ತೀರಾ?" ಅಂದಳು. ಅದಕ್ಕೆ ಉತ್ತರ ಕೊಡಬೇಕಾದರೆ ಇಡೀ ವರ್ಷದ ಲೆಕ್ಕ ಹೇಳಬೇಕು.

ಆಗ ನನಗೆ ಪುಣೆಯಲ್ಲಿ ಕ್ಲೈಂಟ್ ಕೆಲಸ. ತಿಂಗಳಿಗೆ ಮೂರು ನಾಲ್ಕು ರಾತ್ರಿ ಹೊರಗೆ. ಹೇಗೂ ಮಲಗುತ್ತೇನೆ, ಒಂದೇ ಕಂಪನಿಯ ಹೋಟೆಲುಗಳಲ್ಲಿ ಮಲಗೋಣ ಅಂತ ಮ್ಯಾರಿಯಟ್ ಹೋಟೆಲುಗಳ ಸದಸ್ಯತ್ವ ಯೋಜನೆ ಬಾನ್‌ವಾಯ್ ಹಿಡಿದೆ. ಮಲಗಿದಂತೆ ಪಾಯಿಂಟ್ ಕೂಡುತ್ತವೆ, ಆ ಪಾಯಿಂಟ್ ಕೊಟ್ಟು ಆಮೇಲೆ ರೂಮು ತಗೊಳ್ಳಬಹುದು; ರಾತ್ರಿಗಳ ಲೆಕ್ಕದ ಮೇಲೆ ದರ್ಜೆ. ಅಲ್ಲಿ ವರ್ಷಕ್ಕೆ 10 ರಾತ್ರಿಗೆ ಸಿಲ್ವರ್, 25ಕ್ಕೆ ಗೋಲ್ಡ್, 50ಕ್ಕೆ ಪ್ಲಾಟಿನಂ. ಸಿಲ್ವರ್‌ನಿಂದ ಸಿಗುವುದು ಅಷ್ಟಕ್ಕಷ್ಟೇ. ಗೋಲ್ಡ್ ಆದರೆ ಸ್ವಲ್ಪ ಒಳ್ಳೆಯ ರೂಮು ಸಿಗಬಹುದು, ಮಧ್ಯಾಹ್ನ ಎರಡಕ್ಕೆ ಚೆಕ್-ಔಟ್ ಕೇಳಬಹುದು. ನಿಜವಾದ ಮಜಾ ಶುರುವಾಗುವುದು ಐವತ್ತಕ್ಕೆ. ಲೌಂಜ್ ಇದ್ದ ಕಡೆ ಲೌಂಜ್, ಅಂದರೆ ಕಾಫಿ ತಿನಿಸು ಪುಕ್ಕಟೆ ಸಿಗುವ ಕೋಣೆ; ಬಹಳ ಹೋಟೆಲುಗಳಲ್ಲಿ ಬೆಳಗಿನ ತಿಂಡಿಯೂ ಪುಕ್ಕಟೆ, ಮತ್ತೆ ಸಂಜೆ ನಾಲ್ಕರವರೆಗೆ ರೂಮು.

ಎಚ್‌ಡಿಎಫ್‌ಸಿ ಬ್ಯಾಂಕಿನ ಬಾನ್‌ವಾಯ್ ಕ್ರೆಡಿಟ್ ಕಾರ್ಡ್ 2023ರಲ್ಲಿ ಬಂತು. ವರ್ಷಕ್ಕೆ 3,000 ರೂಪಾಯಿ, ಮೇಲೆ ಜಿಎಸ್‌ಟಿ. ಅದರಿಂದ ಮಲಗದೆಯೇ 10 ರಾತ್ರಿ ಖಾತೆಗೆ ಬೀಳುತ್ತವೆ, ಜೊತೆಗೆ 15,000 ಪಾಯಿಂಟ್‌ವರೆಗಿನ ರೂಮಿನಲ್ಲಿ ಒಂದು ಉಚಿತ ರಾತ್ರಿ. ಅಂದರೆ ನಾನು ಮಲಗಬೇಕಾದದ್ದು ಬರೀ ನಲವತ್ತು.

2024ರಲ್ಲಿ ಆಫೀಸಿಗಾಗಿ ಹೊರಗೆ ಮಲಗಿದ್ದು 39 ರಾತ್ರಿ. ಲೆಕ್ಕಕ್ಕೆ ಬಂದದ್ದು 33. ಉಳಿದ ಆರು ಎಲ್ಲಿ ಹೋದವು ಅಂದರೆ, ಆಫೀಸಿನ ಟ್ರಾವೆಲ್ ಡೆಸ್ಕಿನವರು ಎರಡು ಸಲ ಇನ್ನೂರು ಮುನ್ನೂರು ರೂಪಾಯಿ ಉಳಿಸಲು ಬೇರೊಂದು ಬುಕಿಂಗ್ ಆ್ಯಪ್‌ನಲ್ಲಿ ರೂಮು ಹಾಕಿದ್ದರು. ಹಾಗೆ ಬುಕ್ ಮಾಡಿದರೆ ಪಾಯಿಂಟೂ ಇಲ್ಲ, ರಾತ್ರಿಯ ಲೆಕ್ಕವೂ ಇಲ್ಲ. ಕೌಂಟರಿನಲ್ಲಿ ಸದಸ್ಯತ್ವದ ನಂಬರ್ ಕೊಟ್ಟೆ, ಅವರು ನಗುನಗುತ್ತಾ ಬರೆದೂಕೊಂಡರು. ಖಾತೆಗೆ ಮಾತ್ರ ಏನೂ ಬೀಳಲಿಲ್ಲ. ನನಗೆ ಗೊತ್ತಾಗಿದ್ದು ನವೆಂಬರ್‌ನಲ್ಲಿ. ಆಮೇಲೆ ಡೆಸ್ಕಿನವರಿಗೆ ಹೇಳಿ, ಅದೇ ಕಾರ್ಪೊರೇಟ್ ರೇಟಿಗೆ ಹೋಟೆಲಿನ ಸ್ವಂತ ಆ್ಯಪ್‌ನಲ್ಲೇ ನಾನು ಬುಕ್ ಮಾಡತೊಡಗಿದೆ. ಜೊತೆಯ ಗೆಳೆಯನ ರೂಮನ್ನೂ ನನ್ನ ಹೆಸರಲ್ಲೇ ತಗೊಂಡರೆ ಎರಡು ರಾತ್ರಿ ಆಗುತ್ತೆ ಅಂದುಕೊಂಡಿದ್ದೆ. ಅದೂ ಆಗಲ್ಲ. ಮೂರು ರೂಮಿನವರೆಗೆ ಪಾಯಿಂಟ್ ಬರುತ್ತದೆ, ರಾತ್ರಿ ಮಾತ್ರ ಒಂದೇ.

33ಕ್ಕೆ ಕಾರ್ಡಿನ 10 ಸೇರಿ 43. ಇನ್ನು ಏಳು ಬೇಕು. ಇಲ್ಲಿ ಒಂದು ನಿಯಮ ಕೈ ಹಿಡಿಯಿತು. ಪಾಯಿಂಟ್ ಕೊಟ್ಟು ಮಲಗಿದ ರಾತ್ರಿಯೂ ಲೆಕ್ಕಕ್ಕೆ ಬರುತ್ತದೆ. ಅದರ ಮೇಲೆ, ಪಾಯಿಂಟಿನಲ್ಲಿ ಒಟ್ಟಿಗೆ ಐದು ರಾತ್ರಿ ತಗೊಂಡರೆ ನಾಲ್ಕಕ್ಕೆ ಕೊಟ್ಟರೆ ಸಾಕು, ಐದನೆಯದು ಪುಕ್ಕಟೆ. ಕಾರ್ಡಿನ ಉಚಿತ ರಾತ್ರಿಯಿಂದ ಒಂದು ಆಯಿತು. ಒಂದನ್ನು ಭಾನುವಾರ ದುಡ್ಡು ಕೊಟ್ಟು ಮಲಗಿದೆ. ಬೆಂಗಳೂರಿನ ಆಫೀಸ್ ಹೋಟೆಲುಗಳು ವಾರಾಂತ್ಯಕ್ಕೆ ಅಗ್ಗ. 4,500ಕ್ಕೆ 12 ಪರ್ಸೆಂಟ್ ಜಿಎಸ್‌ಟಿ ಸೇರಿ 5,040 ಆಯಿತು. ಉಳಿದ ಐದೇ ರಾಜಾಜಿನಗರದ ಕಥೆ. ರಾತ್ರಿಗೆ 7,000 ಪಾಯಿಂಟ್, ನಾಲ್ಕಕ್ಕೆ 28,000. ಪಾಯಿಂಟಿಗೆ ಅರವತ್ತು ಪೈಸೆ ಅಂತ ಹಿಡಿದರೆ 16,800 ರೂಪಾಯಿ. ಅಂತೂ ಕೊನೆಯ ಏಳು ರಾತ್ರಿ ನನಗೆ ಬಿದ್ದದ್ದು ಹೆಚ್ಚುಕಡಿಮೆ ಇಪ್ಪತ್ತೆರಡು ಸಾವಿರ. ಏಳರ ಬದಲು ಹದಿನೇಳು ಬೇಕಿದ್ದರೆ ಸುಮ್ನೆ ಮನೆಯಲ್ಲೇ ಮಲಗುತ್ತಿದ್ದೆ.

ಐದೂ ದಿನ ಮನೆಯಲ್ಲಿ ಊಟ ಮಾಡಿ, ಹತ್ತು ಗಂಟೆಗೆ ಸ್ಕೂಟರ್ ಹತ್ತಿ ಹೋಟೆಲಿಗೆ. ಬೆಳಿಗ್ಗೆ ಆರಕ್ಕೆ ಹಾಲು ತಗೊಂಡು ವಾಪಸ್. ಎರಡನೇ ರಾತ್ರಿ ಸೆಕ್ಯೂರಿಟಿಯವರು ನನ್ನನ್ನು ಪಾರ್ಸಲ್ ಕೊಡಲು ಬಂದವನು ಅಂತ ತಿಳಿದು ಹಿಂದಿನ ಗೇಟಿಗೆ ಕಳಿಸಿದರು. 31ರ ಬೆಳಿಗ್ಗೆ ಚೆಕ್-ಔಟ್. ಒಂದೆರಡು ದಿನಕ್ಕೆ ಆ್ಯಪ್‌ನಲ್ಲಿ 50 ಬಂತು. 2026ರ ಫೆಬ್ರವರಿ ಕೊನೆಯವರೆಗೆ ಪ್ಲಾಟಿನಂ.

ವಿಮಾನದ ಕಡೆ ನನ್ನ ಆಟ ನಡೆಯಲಿಲ್ಲ. ಪುಣೆಗೆ ಸಮಯಕ್ಕೆ ಸಿಗುತ್ತಿದ್ದುದು ಜಾಸ್ತಿ ಇಂಡಿಗೋ. ಅವರು ತಮ್ಮ ಪಾಯಿಂಟ್ ಯೋಜನೆ ಬ್ಲೂಚಿಪ್ ಶುರು ಮಾಡಿದ್ದೇ 2024ರಲ್ಲಿ. ವಿಸ್ತಾರಾದಲ್ಲಿ ಒಂದಿಷ್ಟು ಪಾಯಿಂಟ್ ಕೂಡಿಸಿದ್ದೆ. ಆ ನವೆಂಬರ್ 12ಕ್ಕೆ ಅದು ಏರ್ ಇಂಡಿಯಾದಲ್ಲಿ ಸೇರಿಹೋಯಿತು, ಪಾಯಿಂಟುಗಳೂ ಅಲ್ಲಿಗೆ ಹೋದವು. ಈಗ ಏರ್ ಇಂಡಿಯಾದಲ್ಲಿ ಪಾಯಿಂಟ್ ಬೀಳುವುದು ಕೊಟ್ಟ ದುಡ್ಡಿನ ಮೇಲೆ. ಮೂರು ನಾಲ್ಕು ಸಾವಿರದ ಪುಣೆ ಟಿಕೆಟ್ ಕೂಡಿಸಿ ಅವರ ಗೋಲ್ಡ್ ದರ್ಜೆ ಮುಟ್ಟುವುದು ಕನಸಿನ ಮಾತು. ಅಮೆರಿಕಕ್ಕೋ ಜರ್ಮನಿಗೋ ವರ್ಷಕ್ಕೆ ಮೂರು ನಾಲ್ಕು ಸಲ ಆಫೀಸೇ ಕಳಿಸುವಂತಿದ್ದರೆ ಮಾತು ಬೇರೆ. ಗೋಲ್ಡ್ ಆದರೆ ಏರ್ ಇಂಡಿಯಾ ಇರುವ ವಿಮಾನ ಕಂಪನಿಗಳ ಕೂಟ ಸ್ಟಾರ್ ಅಲಯನ್ಸ್‌ನ ಲೌಂಜಿಗೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬಹುದು, ಲಗೇಜೂ ಜಾಸ್ತಿ ಹಾಕಬಹುದು. ನನ್ನ ಕೈಯಲ್ಲಿ ಆಗಲಿಲ್ಲ, ಬಿಟ್ಟೆ.

ಪ್ಲಾಟಿನಂ ನಿಜವಾಗಿ ಉಪಯೋಗಕ್ಕೆ ಬಂದದ್ದು ಅಮ್ಮನನ್ನು ಗುರುವಾಯೂರಿಗೆ ಕರೆದುಕೊಂಡು ಹೋದಾಗ. ಕೊಚ್ಚಿಯಲ್ಲಿ ರೂಮು. ಬೆಳಗಿನ ಮೂರರ ನಿರ್ಮಾಲ್ಯ ದರ್ಶನ ನೋಡಬೇಕು ಅಂತ ಅಮ್ಮನ ಆಸೆ. ರಾತ್ರಿ ಹನ್ನೆರಡಕ್ಕೇ ಹೊರಟೆವು. ದರ್ಶನ ಮುಗಿಸಿ ಕೊಚ್ಚಿಗೆ ವಾಪಸ್ ಬರುವಾಗ ಹತ್ತು ಗಂಟೆ, ಅಮ್ಮನ ಕಾಲು ಊದಿತ್ತು. ನಮ್ಮ ವಿಮಾನ ರಾತ್ರಿ ಎಂಟಕ್ಕೆ. ಬೇರೆಯವರು ಹನ್ನೆರಡಕ್ಕೆ ರೂಮು ಖಾಲಿ ಮಾಡಬೇಕು, ನಮಗೆ ನಾಲ್ಕರವರೆಗೆ ಇತ್ತು. ಅಮ್ಮ ಪರದೆ ಎಳೆದುಕೊಂಡು ಮೂರೂವರೆವರೆಗೆ ಮಲಗಿದರು. ಎದ್ದವರೇ ಲೌಂಜಿಗೆ ಹೋಗಿ ಎರಡು ಲೋಟ ಕಾಫಿ ಕುಡಿದು, "ಇದಕ್ಕೂ ದುಡ್ಡಿಲ್ವಾ?" ಅಂತ ಮೆಲ್ಲಗೆ ಕೇಳಿದರು. ಲೌಂಜಿಗೆ ನನ್ನ ಜೊತೆ ಒಬ್ಬರಿಗಷ್ಟೇ ಅವಕಾಶ. ಹೆಂಡತಿ ಮಗಳೂ ಬಂದಿದ್ದರೆ ಇಬ್ಬರದು ದುಡ್ಡು ಕೊಡಬೇಕಿತ್ತು.

ಪುಣೆ ಕೆಲಸ ಮುಗಿದಿದೆ. 2025ರಲ್ಲಿ ಕಾರ್ಡಿನ 10 ಸೇರಿ ಆದದ್ದು 17 ರಾತ್ರಿ. ಮತ್ತೆ ಸಿಲ್ವರ್‌ಗೆ ಇಳಿದಿದ್ದೇನೆ. ಅಮ್ಮನಿಗೆ ಈಗ ಉಡುಪಿಗೆ ಹೋಗಬೇಕಂತೆ. ರಥಬೀದಿ ಹತ್ತಿರ ಒಂದು ರೂಮು ಬುಕ್ ಮಾಡಿದ್ದೇನೆ. ಚೆಕ್-ಔಟ್ ಬೆಳಿಗ್ಗೆ ಹತ್ತಕ್ಕೆ.