ಮಂಡೆಬೆಚ್ಚ ಆದಾಗ ಅನಿಮೆ ನೋಡುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ. ಅನಿಮೆ, ಅಂದರೆ ಜಪಾನಿನ ಅನಿಮೇಶನ್ ಸರಣಿ, ಸಿನಿಮಾಗಳನ್ನು ನೋಡಿದರೆ ಡಿಪ್ರೆಶನ್ ಗುಣ ಆಗುವುದಿಲ್ಲ. ಹಾಗೆ ಹೇಳುವ ರೀಲ್ಸ್ ಕಂಡರೆ ಮೇಲೆ ತಳ್ಳಿ. ಅನಿಮೆ ಮಾಡುವ ಕೆಲಸ ಬೇರೆ, ಚಿಕ್ಕದು. ಒಳಗೆ ಏನೋ ಆಗುತ್ತಿರುತ್ತದೆ, ಅದಕ್ಕೆ ಹೆಸರು ಸಿಗುವುದಿಲ್ಲ, ಆಗ ತೋರಿಸಲಿಕ್ಕೆ ಒಂದು ಚಿತ್ರ ಕೊಡುತ್ತದೆ. "ನೋಡು, ನನಗೆ ಹೀಗಾಗ್ತದೆ" ಅಂತ ಒಬ್ಬರ ಕಡೆಗೆ ಮೊಬೈಲ್ ತಿರುಗಿಸಬಹುದು. ಅಷ್ಟೇ. ಆ ಅಷ್ಟನ್ನು ಹೇಗೆ ಮಾಡುವುದು ಅಂತ ಬರೆಯುತ್ತಿದ್ದೇನೆ.

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಕುಂಬಳೆ ಕಡೆ ಒಂದೇ ಅಂಗಡಿಯ ಮುಂದೆ ನಿಂತು ಮೂರು ಭಾಷೆ ಆಡುತ್ತೇವೆ. ಆದರೆ "ಎಂತ ಆಯ್ತು ನಿಂಗೆ?" ಅಂತ ಯಾರಾದರೂ ಕೇಳಿದರೆ ಉತ್ತರ "ಎಂತ ಇಲ್ಲ." ತುಳುವಿನಲ್ಲಿ ಕೇಳಿದರೆ "ದಾಲ ಇಜ್ಜಿ." ಮಲಯಾಳದಲ್ಲಿ ಕೇಳಿದರೆ "ಒನ್ನುಮಿಲ್ಲ." ಸ್ವಲ್ಪ ಹತ್ತಿರದವರಾದರೆ "ಸ್ವಲ್ಪ ಮಂಡೆಬೆಚ್ಚ" ಅನ್ನುತ್ತೇವೆ. ಅದರಿಂದ ಒಂದು ಹೆಜ್ಜೆ ಮುಂದೆ ಹೋದರೆ ಸೀದಾ "ಅವನ ಮಂಡೆ ಸಮ ಇಲ್ಲ." ಈ ಎರಡರ ನಡುವೆ ಎಷ್ಟೊಂದು ಜಾಗ ಉಂಟು, ಅಲ್ವಾ? ಅಲ್ಲಿರುವವರಿಗೆ ಮಾತೇ ಇಲ್ಲ.

ನಾನು ಆ ಜಾಗದಲ್ಲಿ ಒಂದು ಮಳೆಗಾಲ ಪೂರ್ತಿ ಇದ್ದೆ. ಬೆಂಗಳೂರಿನ ಕೆಲಸ ಬಿಟ್ಟು ಮನೆಗೆ ಬಂದು, ಉಪ್ಪರಿಗೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಆಟಿ ತಿಂಗಳ ಮಳೆ ಹಂಚಿನ ಮೇಲೆ ಹೊಡೆಯುವುದನ್ನು ಕೇಳುತ್ತಾ ಮಲಗಿರುತ್ತಿದ್ದೆ. ಕರೆಂಟು ಹೋಗುತ್ತಿತ್ತು, ಬರುತ್ತಿತ್ತು. ಬಂದಾಗ ಮೊಬೈಲ್ ಚಾರ್ಜಿಗಿಟ್ಟು ಎಪಿಸೋಡ್ ಡೌನ್‌ಲೋಡ್ ಮಾಡಿಕೊಳ್ಳುತ್ತಿದ್ದೆ. ಆಗ ಮಾಡಿದ ತಪ್ಪುಗಳಿಂದಲೇ ಶುರು ಮಾಡುತ್ತೇನೆ.

ನಿಮ್ಮದೇ ಕತೆಯಿಂದ ಶುರು ಮಾಡಬೇಡಿ

ನಾನು ಮೊದಲು ಹಾಕಿದ್ದು 'ವೆಲ್‌ಕಮ್ ಟು ದ ಎನ್‌ಎಚ್‌ಕೆ'. 2006ರದ್ದು, 24 ಎಪಿಸೋಡ್. ಕಾಲೇಜು ಬಿಟ್ಟ ಸಾತೋ ಅನ್ನುವ ಹುಡುಗ ವರ್ಷಗಟ್ಟಲೆ ಕೋಣೆಯಿಂದ ಹೊರಗೆ ಬಂದಿಲ್ಲ. ಹೀಗೆ ಆರು ತಿಂಗಳಿಗಿಂತ ಜಾಸ್ತಿ ಮನೆಯೊಳಗೇ ಉಳಿದುಬಿಡುವುದಕ್ಕೆ ಜಪಾನಿನಲ್ಲಿ ಹಿಕಿಕೊಮೊರಿ ಅನ್ನುತ್ತಾರೆ. ಸೈತೋ ತಮಾಕಿ ಎನ್ನುವ ಮನೋವೈದ್ಯರು 1998ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ ಮೇಲೆ ಆ ಪದ ಅಲ್ಲಿ ಮನೆಮಾತಾಯಿತು. ಕತೆ ಒಳ್ಳೆಯದೇ, ನಗೆಯೂ ಉಂಟು. ಆದರೆ ನಾನು ನಗಲಿಲ್ಲ. ಅವನ ಕೋಣೆಯ ಕಸ ನೋಡಿದೆ, ನನ್ನ ಮಂಚದ ಕೆಳಗಿನ ಲೋಟಗಳನ್ನು ನೋಡಿದೆ, ಮತ್ತೆರಡು ದಿನ ಕೆಳಗೆ ಇಳಿಯಲಿಲ್ಲ.

ಗಾಯ ಹಸಿ ಇರುವಾಗ ಅದರದ್ದೇ ಫೋಟೋ ನೋಡಬೇಡಿ. ಸ್ವಲ್ಪ ದೂರದ ಕತೆ ಆರಿಸಿ. ಜಪಾನಿನಲ್ಲಿ ಇಂಥದ್ದಕ್ಕೇ 'ಇಯಾಶಿಕೇ' ಅನ್ನುವ ಒಂದು ಬಗೆ ಉಂಟು, ಮನಸ್ಸಿಗೆ ತಂಪು ಕೊಡುವ ಕತೆಗಳು ಅಂತ. ದೊಡ್ಡ ಘಟನೆ ಏನೂ ಇರುವುದಿಲ್ಲ. 'ಯುರು ಕ್ಯಾಂಪ್'ನಲ್ಲಿ ಹುಡುಗಿಯರು ಚಳಿಯಲ್ಲಿ ಟೆಂಟ್ ಹಾಕಿ ಬಿಸಿಬಿಸಿ ನೂಡಲ್ಸ್ ತಿನ್ನುತ್ತಾರೆ, ಹೆಚ್ಚುಕಡಿಮೆ ಅಷ್ಟೇ ಕತೆ. 'ಬರಾಕಮೋನ್' (2014, 12 ಎಪಿಸೋಡ್) ನಮ್ಮವರಿಗೆ ಇನ್ನೂ ಹತ್ತಿರ. ಹಾಂಡಾ ಅನ್ನುವ ಕ್ಯಾಲಿಗ್ರಫಿ ಕಲಾವಿದ, ತನ್ನ ಬರಹ ಪಠ್ಯಪುಸ್ತಕದ ಹಾಗುಂಟು ಅಂದ ಹಿರಿಯರಿಗೆ ಗುದ್ದಿಬಿಡುತ್ತಾನೆ. ಅಪ್ಪ ಅವನನ್ನು ಗೊತೋ ದ್ವೀಪದ ಒಂದು ಹಳ್ಳಿಗೆ ಕಳಿಸುತ್ತಾರೆ. ಅಲ್ಲಿ ಊರಿನ ಮಕ್ಕಳು ಕೇಳದೆ ಹೇಳದೆ ಮನೆಯೊಳಗೆ ನುಗ್ಗುತ್ತವೆ. ನೆರೆಮನೆಯವರು ತರಕಾರಿ ತಂದು ಇಟ್ಟು ಹೋಗುತ್ತಾರೆ. ಪೆರ್ಲದಲ್ಲಿ ಕೂತು ನೋಡುವಾಗ "ಇದೆಂತ ಹೊಸತು?" ಅನಿಸಿತು. ಆಮೇಲೆ ನೆನಪಾಯಿತು, ನಮ್ಮ ಮನೆಗೆ ಹಾಗೆ ಬರುವವರನ್ನು ನಾನೇ ಎರಡು ತಿಂಗಳಿಂದ ತಪ್ಪಿಸಿಕೊಂಡು ತಿರುಗುತ್ತಿದ್ದೆ.

ದಿನಕ್ಕೆ ಎರಡು, ಮತ್ತೆ ಬಂದ್

ಒಂದು ಎಪಿಸೋಡ್ 24 ನಿಮಿಷದ ಹತ್ತಿರ. ಎರಡು ನೋಡಿದರೆ ಮುಕ್ಕಾಲು ಗಂಟೆ. ಆಟೋಪ್ಲೇ ಆಫ್ ಮಾಡಿಡಿ. ರಾತ್ರಿ ಎರಡು ಗಂಟೆಗೆ ಹನ್ನೊಂದನೇ ಎಪಿಸೋಡ್ ನೋಡುವವನು ಕತೆ ನೋಡುತ್ತಿಲ್ಲ, ನಾಳೆಯನ್ನು ಮುಂದೆ ಹಾಕುತ್ತಿದ್ದಾನೆ. ಇದು ಬೈಗುಳ ಅಲ್ಲ, ನಾನೇ ಮಾಡಿದ್ದು. ಆದಷ್ಟು ಸಂಜೆ ಹೊತ್ತು ನೋಡಿ, ಮನೆಯಲ್ಲಿ ಯಾರಾದರೂ ಎಚ್ಚರ ಇರುವಾಗ.

ಇನ್ನೊಂದು. ನೋಡುವ ಮೊದಲು ಆತ್ಮಹತ್ಯೆ, ಹಲ್ಲೆ ಇಂಥ ದೃಶ್ಯ ಉಂಟಾ ಅಂತ ವಿಚಾರಿಸಿಕೊಳ್ಳಿ. ಕತೆ ಮೊದಲೇ ಗೊತ್ತಾದರೆ ಮಜಾ ಹೋಗುತ್ತದೆ ಅನ್ನುವವರ ಮಾತು ಈ ಹೊತ್ತಿಗೆ ಬೇಡ.

"ದೈಜೋಬು" ಕಿವಿಗೆ ಬಿದ್ದರೆ ಪಾಝ್ ಒತ್ತಿ

ಜಪಾನಿ ಆಡಿಯೋದಲ್ಲೇ ನೋಡಿ, ಕೆಳಗೆ ಸಬ್‌ಟೈಟಲ್ ಇರಲಿ. ಹತ್ತು ಎಪಿಸೋಡಿನೊಳಗೆ "ದೈಜೋಬು" ನಿಮಗೆ ಬಾಯಿಪಾಠ ಆಗುತ್ತದೆ. "ಪರವಾಗಿಲ್ಲ, ಸರಿ ಉಂಟು" ಅಂತ ಅರ್ಥ. ಗಮನಿಸಿ, ಸ್ವಲ್ಪವೂ ಸರಿ ಇಲ್ಲದವರೇ ಅದನ್ನು ಜಾಸ್ತಿ ಹೇಳುವುದು. ನಮ್ಮ "ಎಂತ ಇಲ್ಲ"ದ ಅಣ್ಣನೇ ಅದು. ಆ ಮಾತು ಬಂದ ಕೂಡಲೇ ನಿಲ್ಲಿಸಿ, ಅವನ ಕೈ ಎಲ್ಲಿ ಉಂಟು, ಕಣ್ಣು ಎಲ್ಲಿ ಉಂಟು, ಹಿಂದಿನ ಬಣ್ಣ ಯಾವುದು ಅಂತ ನೋಡಿ. ಬಾಯಿ ಒಂದು ಹೇಳುತ್ತದೆ, ಚಿತ್ರ ಇನ್ನೊಂದು ಹೇಳುತ್ತದೆ.

ಇದನ್ನು ಕಲಿಯಲಿಕ್ಕೆ ನನ್ನ ಲೆಕ್ಕದಲ್ಲಿ 'ಮಾರ್ಚ್ ಕಮ್ಸ್ ಇನ್ ಲೈಕ್ ಎ ಲಯನ್' ಬಿಟ್ಟರೆ ಬೇರೆ ಇಲ್ಲ. 2016ರಿಂದ 2018ರ ತನಕ ಬಂದದ್ದು, ಒಟ್ಟು 44 ಎಪಿಸೋಡ್. ರೇ ಕಿರಿಯಾಮಾನಿಗೆ 17 ವರ್ಷ. ಶೋಗಿ ಅನ್ನುವ ಜಪಾನಿ ಚದುರಂಗದಲ್ಲಿ ವೃತ್ತಿ ಆಟಗಾರ. ಅಪ್ಪ, ಅಮ್ಮ, ತಂಗಿ ಮೂವರೂ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅಪ್ಪನ ಸ್ನೇಹಿತ ಬಂದು "ಶೋಗಿ ಇಷ್ಟವಾ?" ಅಂತ ಕೇಳುತ್ತಾರೆ. ಹುಡುಗ "ಹೌದು" ಅನ್ನುತ್ತಾನೆ. ಸುಳ್ಳು. ಹೌದು ಅನ್ನದಿದ್ದರೆ ಹೋಗಲಿಕ್ಕೆ ಬೇರೆ ಮನೆ ಇಲ್ಲ. ಆ ಒಂದು ಸುಳ್ಳಿನ ಮೇಲೆ ಅವನ ಬದುಕೆಲ್ಲ ನಿಂತಿದೆ. ಮಾರ್ಕು ಬಂತು ಅಂತ ಸಿಕ್ಕಿದ ಕೋರ್ಸಿಗೆ "ಇಷ್ಟ" ಅಂದು ಸೇರಿದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಮೊದಲ ಎಪಿಸೋಡಿನಲ್ಲಿ ಬಹಳ ಹೊತ್ತು ಮಾತೇ ಇಲ್ಲ. ಸಾಮಾನಿಲ್ಲದ ಖಾಲಿ ಕೋಣೆ. ನದಿ. ಸೇತುವೆ. ಆಟ. ಎದುರು ಕೂತವರು ಸಾಕಿದ ತಂದೆಯೇ, ಅವರನ್ನೇ ಸೋಲಿಸಿ ಬರುತ್ತಾನೆ. ಆಮೇಲೆ ಕಾವಾಮೊತೋ ಅನ್ನುವ ಮನೆಯ ಅಕ್ಕತಂಗಿಯರು ಅವನನ್ನು ಊಟಕ್ಕೆ ಕರೆಯುತ್ತಾರೆ. ಅಲ್ಲಿಗೆ ಹೋದ ಕೂಡಲೇ ಬಣ್ಣ ಬದಲಾಗುತ್ತದೆ, ಗದ್ದಲ ಶುರುವಾಗುತ್ತದೆ, ಬೆಕ್ಕುಗಳೂ ಊಟಕ್ಕೆ ಹಾತೊರೆಯುತ್ತವೆ. "ನಿನಗೇನಾಗಿದೆ?" ಅಂತ ಯಾರೂ ಕೇಳುವುದಿಲ್ಲ. ತಟ್ಟೆ ಇಡುತ್ತಾರೆ. ಜಪಾನಿನಲ್ಲಿ ಮನೆಗೆ ಬಂದವರು "ತದೈಮಾ" ಅನ್ನುತ್ತಾರೆ, ಒಳಗಿನವರು "ಒಕಾಯೆರಿ" ಅನ್ನುತ್ತಾರೆ. ಇದಕ್ಕೆ ಸಬ್‌ಟೈಟಲಿನ ಇಂಗ್ಲಿಷ್ ಯಾಕೋ ಸಪ್ಪೆ. ನಮ್ಮಲ್ಲಿ ಅದಕ್ಕೆ ಸರಿಯಾದದ್ದು ಉಂಟಲ್ಲ, "ಬಂದ್ಯಾ? ಕೈಕಾಲು ತೊಳ್ಕೊ."

ನೋಡಿದ್ದನ್ನು ಮನೆ ಮಾತಿಗೆ ತನ್ನಿ ಅಂತ ನಾನು ಹೇಳುವುದು ಇದಕ್ಕೇ. ಎಪಿಸೋಡಿಗೆ ಒಂದೇ ಸಾಲು ಸಾಕು. ಅದನ್ನು ನೀವು ಮನೆಯಲ್ಲಿ ಆಡುವ ಭಾಷೆಯಲ್ಲಿ, ತುಳುವೋ ಹವ್ಯಕವೋ ಕನ್ನಡವೋ, ಗಟ್ಟಿಯಾಗಿ ಒಮ್ಮೆ ಹೇಳಿ ನೋಡಿ. ಇಂಗ್ಲಿಷಿನಲ್ಲಿ ಸಲೀಸಾಗಿ ಟೈಪ್ ಮಾಡುವ ದುಃಖ ಮನೆ ಮಾತಿನಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಸಿಕ್ಕಿಕೊಂಡರೆ ಸರಿಯಾದ ಜಾಗ ಮುಟ್ಟಿದ್ದೀರಿ.

ನಂಬರ್ ಹಾಕುವ ಉಪಾಯ

'ಮಾಬ್ ಸೈಕೋ 100' ಮೇಲೆ ನೋಡಿದರೆ ಭೂತಪ್ರೇತದ ಹೊಡೆದಾಟ. ಮಾಬ್ ಅನ್ನುವ ಶಾಲೆಯ ಹುಡುಗನಿಗೆ ದೊಡ್ಡ ಮನಶ್ಶಕ್ತಿ ಉಂಟು. ಆದರೆ ಸಿಟ್ಟು, ದುಃಖ ಎಲ್ಲ ಒಳಗೇ ಒತ್ತಿಡುತ್ತಾನೆ. ಪರದೆಯ ಮೇಲೆ ಪರ್ಸೆಂಟ್ ಏರುತ್ತಾ ಹೋಗುತ್ತದೆ, 100 ಆದಾಗ ಸ್ಫೋಟ. ಆ ಶಕ್ತಿಯಿಂದ ತನಗೆ ಬೇಕಾದ್ದು ಯಾವುದೂ ಸಿಗುವುದಿಲ್ಲ ಅಂತ ಅವನಿಗೆ ಗೊತ್ತು, ಅದಕ್ಕೇ ಶಾಲೆಯ ಕಸರತ್ತಿನ ಕ್ಲಬ್ಬಿಗೆ ಸೇರಿ ಓಡುತ್ತಾನೆ, ಬೀಳುತ್ತಾನೆ. ಅಲ್ಲಿನ ದಾಂಡಿಗ ಹುಡುಗರು ಒಮ್ಮೆಯೂ ಅವನನ್ನು ತಮಾಷೆ ಮಾಡುವುದಿಲ್ಲ. ನನಗೆ ಹೊಡೆದಾಟಕ್ಕಿಂತ ಆ ಕ್ಲಬ್ಬೇ ಇಷ್ಟ.

ನಾನೂ ತಂಗಿಯೂ ಆ ಪರ್ಸೆಂಟ್ ಕದ್ದೆವು. ಅವಳು ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಳೆ. "ಹೇಗಿದ್ದಿ?" ಅಂದರೆ "ಆರಾಮ" ಅಂತಲೇ ಬರುತ್ತದೆ. ಅದಕ್ಕೆ ರಾತ್ರಿ ಒಂದು ನಂಬರ್ ಮಾತ್ರ ಕಳಿಸುವುದು. 40. 55. 30. ಯಾಕೆ ಅಂತ ಕೇಳುವ ಹಾಗಿಲ್ಲ. 80 ದಾಟಿದರೆ ಫೋನ್ ಮಾಡಬೇಕು, ಇಷ್ಟೇ ಒಪ್ಪಂದ. ಒಂದು ದಿನ ನಾನು 85 ಕಳಿಸಿ ಕೂಡಲೇ ಡಿಲೀಟ್ ಮಾಡಿದೆ. ಅವಳು ನೋಡಿಯಾಗಿತ್ತು. ಫೋನ್ ಬಂತು. ಅರ್ಧ ಗಂಟೆ ಹಾಸ್ಟೆಲಿನ ಸಾಂಬಾರಿನ ಬಗ್ಗೆಯೇ ಮಾತಾಡಿದಳು.

ಕೊಂಚ ಗಟ್ಟಿಯಾದ ಮೇಲೆ

'ಎ ಸೈಲೆಂಟ್ ವಾಯ್ಸ್', 2016, ನಿರ್ದೇಶನ ನಾವೊಕೋ ಯಮಾದಾ. ಎರಡು ಗಂಟೆ ಮೀರಿದ ಸಿನಿಮಾ. ಇದರಲ್ಲಿ ಆತ್ಮಹತ್ಯೆಯ ಯತ್ನ ಉಂಟು, ಶುರುವಿನಲ್ಲಿಯೂ ಉಂಟು, ನಡುವೆಯೂ ಉಂಟು. ಈಗಷ್ಟೇ ಏಳುತ್ತಿರುವವರಿಗೆ ಬೇಡ. ಶೋಯಾ ಅನ್ನುವವನು ಚಿಕ್ಕವನಿದ್ದಾಗ ಕಿವಿ ಕೇಳದ ಶೋಕೋಳನ್ನು ಕ್ಲಾಸಿನಲ್ಲಿ ಬಹಳ ಪೀಡಿಸಿದ್ದ. ಆಮೇಲೆ ಉಳಿದವರೆಲ್ಲ ಸೇರಿ ಅವನನ್ನೇ ದೂರ ಮಾಡಿದರು. ದೊಡ್ಡವನಾದಾಗ ಅವನಿಗೆ ಎಲ್ಲರ ಮುಖದ ಮೇಲೆ ಒಂದು ನೀಲಿ ಇಂಟು ಗುರುತು ಕಾಣುತ್ತದೆ. ಕಣ್ಣೆತ್ತಿ ನೋಡಲು ಆಗುವುದಿಲ್ಲ. ಯಾರಾದರೂ ಸ್ವಲ್ಪ ಹತ್ತಿರ ಆದರೆ ಅವರ ಇಂಟು ಕಳಚಿ ಬೀಳುತ್ತದೆ, ಜಗಳವಾದರೆ ಮತ್ತೆ ಅಂಟುತ್ತದೆ. ಬಸ್ಸಿನಲ್ಲಿ ಗುರುತಿನವರು ಕಂಡರೆ ಕಿಟಕಿಯ ಕಡೆ ತಿರುಗುತ್ತಿದ್ದ ನನಗೆ ನನ್ನ ರೋಗಕ್ಕೆ ಒಂದು ಗುರುತು ಸಿಕ್ಕಿತು.

'ಇವಾಂಜೆಲಿಯನ್' ಬಗ್ಗೆ ಎಲ್ಲರೂ ಕೇಳುತ್ತಾರೆ. 1995ರಲ್ಲಿ ಶುರುವಾದ 26 ಎಪಿಸೋಡಿನ ಸರಣಿ. ಮಾಡಿದವರು ಹಿದೆಯಾಕಿ ಆನ್ನೋ, ಅವರೇ ಡಿಪ್ರೆಶನ್ನಿನಲ್ಲಿ ನರಳಿದವರು. ಕೊನೆಯ ಎರಡು ಎಪಿಸೋಡ್ ಶಿಂಜಿ ಅನ್ನುವ 14ರ ಹುಡುಗನ ತಲೆಯೊಳಗೇ ನಡೆಯುತ್ತವೆ. ಅದನ್ನು ಒಬ್ಬರೇ ನೋಡಬೇಡಿ. ನನಗೆ ಹೆಚ್ಚು ಬೇಕಾದದ್ದು 2021ರಲ್ಲಿ ಬಂದ ಕೊನೆಯ ಸಿನಿಮಾ. ಅದರಲ್ಲಿ ಶಿಂಜಿ ಮಾತೇ ಬಿಟ್ಟು ಕೂತುಬಿಟ್ಟಿದ್ದಾನೆ. ಹಳೇ ಸ್ನೇಹಿತರು ಇರುವ ಹಳ್ಳಿ. ಅವರು ಅವನನ್ನು ಒತ್ತಾಯ ಮಾಡುವುದಿಲ್ಲ, ತಿನ್ನಲಿಕ್ಕೆ ಇಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಅವನ ಜೊತೆ ಬಂದ ಹುಡುಗಿ ಊರಿನ ಹೆಂಗಸರ ಸಾಲಿನಲ್ಲಿ ನಿಂತು ಕೆಸರಿನಲ್ಲಿ ನೇಜಿ ನೆಡುತ್ತಾಳೆ. ದೈತ್ಯ ಯಂತ್ರಗಳ ಕತೆ 25 ವರ್ಷ ಆದ ಮೇಲೆ ಗದ್ದೆಗೆ ಬಂದು ನಿಂತಿತು! ಹಿಂದಿನ ಭಾಗಗಳನ್ನು ನೋಡದೆ ಇದನ್ನು ನೋಡಿದರೆ ತಲೆಬುಡ ಗೊತ್ತಾಗುವುದಿಲ್ಲ, ಅದೊಂದು ತೊಂದರೆ.

ನಂಬಬಾರದ್ದು

ಎಷ್ಟೋ ಅನಿಮೆಗಳಲ್ಲಿ ಒಬ್ಬಳು ಹುಡುಗಿ ಬಂದು ಹುಡುಗನನ್ನು ಸರಿ ಮಾಡುತ್ತಾಳೆ. ಬದುಕಿನಲ್ಲಿ ಆ ಕೆಲಸವನ್ನು ಯಾರ ತಲೆಗೂ ಕಟ್ಟಬೇಡಿ. ಒಂದು ದೊಡ್ಡ ಭಾಷಣ, ಒಂದು ಅಳು, ಮರುದಿನ ಎಲ್ಲ ಸರಿ, ಅದೂ ಸುಳ್ಳು. ಮತ್ತೆ ಡಾಕ್ಟರ್, ಕೌನ್ಸೆಲರ್ ಇಂಥವರು ಈ ಕತೆಗಳಲ್ಲಿ ಕಾಣುವುದೇ ಕಡಿಮೆ. ಕತೆಗೆ ಅವರು ಬೇಡ ಇರಬಹುದು, ನಮಗೆ ಬೇಕು.

ಎರಡು ವಾರ ಕಳೆದರೂ ನಿದ್ದೆ ಇಲ್ಲ, ಹಸಿವು ಇಲ್ಲ, ಯಾವುದರಲ್ಲೂ ಮನಸ್ಸು ಇಲ್ಲ ಅಂತಾದರೆ ಅನಿಮೆ ಪಕ್ಕಕ್ಕಿಟ್ಟು ಡಾಕ್ಟರರ ಹತ್ತಿರ ಹೋಗಿ. ಟೆಲಿ ಮಾನಸ್ 14416 ಅನ್ನುವ ಮಾನಸಿಕ ಆರೋಗ್ಯದ ಸರಕಾರಿ ಸಹಾಯವಾಣಿ 2022ರ ಅಕ್ಟೋಬರಿನಿಂದ ಉಂಟು, ಹಗಲೂ ರಾತ್ರಿಯೂ ಸಿಗುತ್ತದೆ, ದುಡ್ಡಿಲ್ಲ. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056 ಕೂಡ ಉಂಟು. ಗಡಿಯಲ್ಲಿ ಇರುವ ನಮಗೆ ಇದೊಂದು ಕಿರಿಕಿರಿ, ಅರ್ಜಿಯನ್ನು ಯಾವ ಭಾಷೆಯಲ್ಲೂ ತುಂಬಿಸಬಹುದು, ಸಂಕಟ ಮಾತ್ರ ಎಲ್ಲ ಭಾಷೆಯಲ್ಲಿ ಬರುವುದಿಲ್ಲ. "ಕನ್ನಡದಲ್ಲಿ ಮಾತಾಡುವವರು ಬೇಕು" ಅಂತ ಮೊದಲೇ ಕೇಳಿ. ಸಾಯಬೇಕು ಅನಿಸುತ್ತಿದ್ದರೆ ಇದನ್ನು ಓದುವುದನ್ನೂ ನಿಲ್ಲಿಸಿ ಈಗಲೇ ಫೋನ್ ಮಾಡಿ, ಇಲ್ಲ ಪಕ್ಕದ ಕೋಣೆಯವರನ್ನು ಎಬ್ಬಿಸಿ.

ಮಾತು ಸಿಗದಿದ್ದರೆ ಅಲ್ಲಿಯೂ ಚಿತ್ರ ತೋರಿಸಬಹುದು. ಆಪ್‌ಗಳಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಹೆಚ್ಚಾಗಿ ಕಪ್ಪು ಬರುತ್ತದೆ. ಎಪಿಸೋಡ್ ಮತ್ತು ನಿಮಿಷ ಬರೆದಿಟ್ಟುಕೊಳ್ಳಿ. ನಾನು ಹಾಗೇ ಮಾಡಿದ್ದು. ಡಾಕ್ಟರರು ಅರ್ಧ ನಿಮಿಷ ನೋಡಿ, "ನೀವೂ ಹೀಗೆ ಮುಳುಗುವ ಹಾಗೆ ಆಗ್ತದಾ?" ಅಂತ ಕೇಳಿದರು. ನಾನು ಹೌದು ಅಂದೆ. ಈ ಸಲದ ಹೌದು ನಿಜದ್ದು.

ಅಮ್ಮನ ಜೊತೆ ನೋಡಿದ್ದು

ಒಂದೇ ಒಂದನ್ನು ನೋಡುವುದಾದರೆ 'ಕಿಕೀಸ್ ಡೆಲಿವರಿ ಸರ್ವಿಸ್' ನೋಡಿ. 1989, ಹಯಾವೊ ಮಿಯಾಝಾಕಿ. ಕಿಕಿಗೆ 13 ವರ್ಷ, ಮಾಟಗಾತಿ. ಪೊರಕೆಯ ಮೇಲೆ ಹಾರಿ ಸಾಮಾನು ತಲುಪಿಸುತ್ತಾಳೆ. ಒಂದು ದಿನ ಹಾರಲಿಕ್ಕೇ ಆಗುವುದಿಲ್ಲ. ತನ್ನ ಬೆಕ್ಕು ಜೀಜಿಯ ಮಾತು ಅರ್ಥವಾಗುವುದಿಲ್ಲ. ಕೆಲಸದಿಂದ ಸುಟ್ಟುಹೋದವರಿಗೆ ಇದು ಗೊತ್ತು, ಬರುತ್ತಿದ್ದದ್ದೇ ಬರದ ಹಾಗಾಗುವುದು. ಕಾಡಿನಲ್ಲಿರುವ ಚಿತ್ರಕಾರ್ತಿ ಉರ್ಸುಲಾ ತನಗೂ ಹಾಗಾಗಿತ್ತು ಅನ್ನುತ್ತಾಳೆ. ಬರೆಯಲಿಕ್ಕಾಗದಿದ್ದರೆ ಬಿಟ್ಟುಬಿಡುವುದು, ನಡೆಯುವುದು, ಮಧ್ಯಾಹ್ನ ಮಲಗುವುದು, ಇದು ಅವಳ ಮದ್ದು.

ಮಳೆ ಬಿಟ್ಟ ಮೇಲೆ ಒಂದು ಸಂಜೆ ಅಮ್ಮ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ನಾನು ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು ಇದನ್ನು ಹಾಕಿದೆ, ಸಬ್‌ಟೈಟಲ್ ನಾನೇ ಓದಿ ಹೇಳಿದೆ. ಕೊನೆಗೆ ಕಿಕಿ ಮತ್ತೆ ಹಾರುತ್ತಾಳೆ. ಆದರೆ ಜೀಜಿ ಮಾತಾಡುವುದಿಲ್ಲ. 1998ರ ಇಂಗ್ಲಿಷ್ ಡಬ್ಬಿಂಗಿನಲ್ಲಿ ಅದರ ಬಾಯಿಗೆ ಒಂದು ಮಾತು ಸೇರಿಸಿದ್ದರು, ಮೂಲದಲ್ಲಿ ಅದು ಬರೀ ಮಿಯಾಂವ್.

"ಆ ಬೆಕ್ಕು ಮತ್ತೆ ಮಾತಾಡ್ಲೇ ಇಲ್ವಾ?" ಅಂತ ಅಮ್ಮ ಕೇಳಿದರು.

"ಇಲ್ಲ."

ಅವರು ಎರಡು ಅಡಿಕೆ ಸುಲಿದರು. "ಹೆಗಲ ಮೇಲೆ ಬಂದು ಕೂತಿತಲ್ಲ," ಅಂದರು. ಮತ್ತೆ ಕತ್ತಿಯನ್ನು ನನ್ನ ಕಡೆಗೆ ತಿರುಗಿಸಿಟ್ಟು ಚಾ ಮಾಡಲಿಕ್ಕೆ ಎದ್ದರು.